ಕಾರಣವಿಲ್ಲದ ಬುಧವಾರ

ಒಂಬತ್ತು ಗಂಟೆ ದಾಟಿ ನಾಲ್ಕು ನಿಮಿಷವಾಗಿತ್ತು. ಅಂದರೆ ಎಲ್ಲೋ ಒಂದು ಪರದೆಯ ಮೇಲೆ, ಅವನ ಸಂಖ್ಯೆಯ ಪಕ್ಕದಲ್ಲಿರುವ ಪುಟ್ಟ ದೀಪ ಆರು ವರ್ಷಗಳಲ್ಲಿ ಮೊದಲ ಸಲ ಹಸಿರಾಗದೆ ಬೂದು ಬಣ್ಣದಲ್ಲೇ ನಿಂತಿತ್ತು. ಅವನು ಮಾತ್ರ ಅದೇ ಕುರ್ಚಿಯಲ್ಲಿ, ಅದೇ ಮೇಜಿನ ಮುಂದೆ ಕೂತಿದ್ದ. ಲ್ಯಾಪ್‌ಟಾಪು, ಪಕ್ಕದ ಎರಡನೆಯ ಪರದೆ, ಹೆಡ್‌ಫೋನು, ಮೌಸು, ಮೊಬೈಲು ಎಲ್ಲವನ್ನೂ ಬೆಳಿಗ್ಗೆ ಏಳಕ್ಕೇ ಆರಿಸಿ, ಹೆಂಡತಿಯ ಬಟ್ಟೆಚೂರುಗಳ ಟ್ರಂಕಿನಲ್ಲಿಟ್ಟು ಮುಚ್ಚಿದ್ದ. ಮೇಜು ಬಟ್ಟ ಬಯಲಾಗಿತ್ತು. ಲ್ಯಾಪ್‌ಟಾಪು ಇದ್ದ ಜಾಗದಲ್ಲಿ ಮರದ ಬಣ್ಣ ಬೇರೆ, ಅದರ ಸುತ್ತಲಿನದು ಬೇರೆ. ಗೋಡೆಯಿಂದ ಹಳೆಯ ಪಟ ತೆಗೆದಾಗ ಉಳಿಯುವಂಥ ಒಂದು ಚೌಕ. ಬಲಗೈ ಆ ಚೌಕದ ಪಕ್ಕದಲ್ಲಿ, ಇಲ್ಲದ ಮೌಸಿನ ಮೇಲೆ ಗೂನು ಹಾಕಿಕೊಂಡು ಕೂತಿತ್ತು. ಅವನು ಅದನ್ನು ನೋಡಿ, ಬೆರಳುಗಳನ್ನು ಚಾಚಿ ಮೇಜಿಗೆ ಒತ್ತಿದ. ಒತ್ತಿದಷ್ಟು ಹೊತ್ತು ಚಪ್ಪಟೆಯಾಗಿತ್ತು. ಬಿಟ್ಟಕೂಡಲೇ ತೋರುಬೆರಳು ಮೆಲ್ಲಗೆ ಎದ್ದು ತನ್ನ ಜಾಗಕ್ಕೆ ಹೋಗಿ ನಿಂತಿತು, ಯಾರೋ ಈಗ ಕರೆಯುತ್ತಾರೆ ಎಂಬಂತೆ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಉದ್ದಕ್ಕೆ ಓಡಿ ನಿಂತಿತು. "ರೀ, ಎಷ್ಟು ಗಂಟೆ?" ಎಂದಳು. "ಒಂಬತ್ತೂ ನಾಲ್ಕು" ಎಂದ. ಯಂತ್ರ ತಕ್ಷಣ ಮತ್ತೆ ಓಡಬೇಕಿತ್ತು, ಓಡಲಿಲ್ಲ. ಅವನು ಎಡಗೈ ಮುಷ್ಟಿಯನ್ನು ಇನ್ನಷ್ಟು ಬಿಗಿ ಮಾಡಿದ. ಮುಷ್ಟಿಯೊಳಗೆ ಅವಳ ಕೈಗಡಿಯಾರವಿತ್ತು.

ಅವಳೇ ಬಾಗಿಲಿಗೆ ಬಂದು ನಿಂತಳು. ಕೊರಳಲ್ಲಿ ಅಳತೆಯ ಪಟ್ಟಿ, ತುಟಿಯ ಕೊನೆಯಲ್ಲಿ ಒಂದು ಗುಂಡುಪಿನ್ನು. ಬಾಯಲ್ಲಿ ಪಿನ್ನಿಟ್ಟುಕೊಂಡೇ ಸ್ಪಷ್ಟವಾಗಿ ಮಾತಾಡುವುದನ್ನು ಅವಳು ಇಪ್ಪತ್ತು ವರ್ಷದಿಂದ ಅಭ್ಯಾಸ ಮಾಡಿದ್ದಾಳೆ. "ನಿಜವಾಗ್ಲೂ ಹಾಕಲ್ವಾ ಅದನ್ನ?" "ಇಲ್ಲ." "ಒಂದು ಫೋನಾದ್ರೂ ಮಾಡಿ ಜ್ವರ ಅಂತ ಹೇಳಿಬಿಡಿ." "ಜ್ವರ ಇಲ್ವಲ್ಲ." "ಇದ್ದಾಗ ಹೇಳಿದ್ರಾ? ಹೋದ ವರ್ಷ ನೂರಾ ಎರಡು ಜ್ವರದಲ್ಲಿ ಕಂಬಳಿ ಹೊದ್ದುಕೊಂಡು ಕೂತು ಕೆಲಸ ಮಾಡಿದ್ರಿ. ಅವತ್ತಿನ ಜ್ವರ ಬಾಕಿ ಇದೆ, ಅದನ್ನ ಇವತ್ತು ತಗೊಳ್ಳಿ." ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ. "ಯಾಕೆ ಅಂತ ನನಗಾದ್ರೂ ಹೇಳ್ಬಹುದಲ್ಲ" ಎಂದಳು. ಅವನು ಕಿಟಕಿಯ ಕಡೆ ನೋಡಿದ. ಅವಳು "ಆಯ್ತು, ಮಾಡಿ ನಿಮ್ಮ ತಪಸ್ಸು" ಎಂದು ಒಳಗೆ ಹೋದಳು.

ತಪಸ್ಸಾಗಲಿ ವಿಶ್ರಾಂತಿಯಾಗಲಿ ಆಗಿರಲಿಲ್ಲ ಅದು. ಪರದೆಯಿಂದ ದೂರವಿರಿ, ಮನಸ್ಸು ಹಗುರಾಗುತ್ತದೆ ಎಂದು ಉಪದೇಶ ಮಾಡುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹಾಗೆ ಉಪದೇಶಿಸುವವರಲ್ಲಿ ಅವನ ಸಂಸ್ಥೆಯೂ ಒಂದು. ಪ್ರತಿ ಸೋಮವಾರ ಒಂದು ಮಿಂಚಂಚೆ ಬರುತ್ತಿತ್ತು, ಅಂಚಿನಲ್ಲಿ ಎಲೆಗಳ ಚಿತ್ರ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ದೂರದ ಹಸಿರನ್ನು ನೋಡಿ, ದೀರ್ಘವಾಗಿ ಉಸಿರೆಳೆದುಕೊಳ್ಳಿ, ನಿಮ್ಮ ಕಣ್ಣು ನಮ್ಮ ಆಸ್ತಿ. ಅದೇ ಸಂಸ್ಥೆಯ ದೀಪ ಮೌಸು ನಾಲ್ಕು ನಿಮಿಷ ಅಲ್ಲಾಡದಿದ್ದರೆ ಹಳದಿಯಾಗುತ್ತಿತ್ತು, ಏಳಕ್ಕೆ ಬೂದು. ದಿನದಲ್ಲಿ ಮೂರು ಬೂದಾದರೆ ಮೇಲ್ವಿಚಾರಕಿಯ ಕರೆ. ಸಿಬ್ಬಂದಿಯವರು ತಮ್ಮೊಳಗೆ ಆಕೆಗೆ ದೀಪದಮ್ಮ ಎಂದು ಹೆಸರಿಟ್ಟಿದ್ದರು. ಕಿಟಕಿಯಾಚೆ ಒಂದು ಗೋಡೆ, ಗೋಡೆಯ ಮೇಲೆ ನೀರಿನ ಕೊಳವೆ, ಕೊಳವೆಯ ಕೀಲಿನಲ್ಲಿ ಬೆರಳಗಲದ ಪಾಚಿ. ದೂರದ ಹಸಿರು ಎಂದರೆ ಅವನಿಗೆ ಅಷ್ಟೇ ಸಿಕ್ಕಿದ್ದು. ಅದರ ದೂರ ಎರಡೂವರೆ ಮೀಟರು.

ಅವನ ಕೆಲಸ ಗೆರೆ ಓದುವುದು. ಎಲ್ಲೆಲ್ಲೋ ಇರುವ ರೋಗಿಗಳ ಎದೆಗೆ ಅಂಟಿಸಿದ ಪಟ್ಟಿಗಳು ಹೃದಯದ ಬಡಿತವನ್ನು ಗೆರೆಯಾಗಿ ಕಳಿಸುತ್ತವೆ. ಯಂತ್ರ ಮೊದಲು ಓದಿ, ತನಗೆ ಅನುಮಾನ ಬಂದಲ್ಲಿ ಗುರುತು ಹಾಕುತ್ತದೆ. ಆ ಅನುಮಾನ ಹೌದೋ ಅಲ್ಲವೋ ಎಂದು ಹೇಳಲು ಮನೆಮನೆಗಳಲ್ಲಿ ಕೂತ ಅವನಂಥ ಎಂಬತ್ತು ಜನ. ಹೌದೆಂದು ಒತ್ತಿದರೆ ಸರದಿಯಲ್ಲಿರುವ ದಾದಿಗೆ ಗಂಟೆ ಕೇಳಿಸುತ್ತದೆ, ಆಕೆ ರೋಗಿಯ ಮನೆಗೆ ಫೋನು ಮಾಡುತ್ತಾಳೆ. ರೋಗಿಗಳಿಗೆ ಹೆಸರಿಲ್ಲ, ಒಂಬತ್ತು ಅಂಕಿಯ ಸಂಖ್ಯೆ, ವಯಸ್ಸು, ಹೆಣ್ಣೋ ಗಂಡೋ ಎಂಬ ಒಂದಕ್ಷರ. ಕಾಲೇಜಿನಲ್ಲಿ ಶರೀರಶಾಸ್ತ್ರ ಓದುವಾಗ ಕಪ್ಪೆಯ ಹೃದಯ ಲವಣಜಲದ ಬಟ್ಟಲಲ್ಲಿ ತನ್ನ ಪಾಡಿಗೆ ಬಡಿಯುತ್ತಿದ್ದುದನ್ನು ನೋಡಿ ಮೂರು ದಿನ ಊಟ ಸೇರಿರಲಿಲ್ಲ ಅವನಿಗೆ. ಭಯದಿಂದಲ್ಲ. ಯಾರದ್ದೂ ಅಪ್ಪಣೆಯಿಲ್ಲದೆ ಅದು ಬಡಿಯುತ್ತಿದೆಯಲ್ಲ ಎಂಬ ಬೆರಗಿನಿಂದ. ಈಗ ದಿನಕ್ಕೆ ಒಂಬೈನೂರು ಗೆರೆ ಓದುತ್ತಾನೆ, ಊಟ ಚೆನ್ನಾಗಿ ಸೇರುತ್ತದೆ. ಈ ಆರು ವರ್ಷದಲ್ಲಿ ಒಬ್ಬರ ನಾಡಿಯನ್ನೂ ಬೆರಳಿಟ್ಟು ನೋಡಿಲ್ಲ.

ಗಡಿಯಾರದ ಉಪಾಯವನ್ನು ಹೇಳಿಕೊಟ್ಟದ್ದು ಕೆಲಸ ಬಿಟ್ಟುಹೋದ ಒಬ್ಬ ಸಹೋದ್ಯೋಗಿ. ಮೌಸನ್ನು ಮುಳ್ಳಿರುವ ಕೈಗಡಿಯಾರದ ಮುಖದ ಮೇಲೆ ಇಡಬೇಕು, ಅಷ್ಟೆ. ಮೌಸಿನ ಹೊಟ್ಟೆಯಲ್ಲೊಂದು ಪುಟ್ಟ ಕಣ್ಣಿದೆ. ಅದು ಕ್ಷಣಕ್ಕೆ ಸಾವಿರಾರು ಸಲ ಕೆಳಗಿನ ನೆಲವನ್ನು ನೋಡಿ, ಹಿಂದಿನ ನೋಟಕ್ಕೂ ಈಗಿನದಕ್ಕೂ ವ್ಯತ್ಯಾಸ ಕಂಡರೆ ತಾನು ಚಲಿಸಿದೆ ಎಂದುಕೊಳ್ಳುತ್ತದೆ. ತಾನು ನಿಂತೇ ಇದ್ದು ನೆಲವೇ ಸರಿದಿರಬಹುದು ಎಂಬ ಯೋಚನೆ ಅದಕ್ಕಿಲ್ಲ. ಸೆಕೆಂಡಿನ ಮುಳ್ಳು ಕೆಳಗೆ ಹಾದುಹೋದಾಗಲೆಲ್ಲ ಪರದೆಯ ಮೇಲಿನ ಬಾಣ ಕೂದಲೆಳೆಯಷ್ಟು ನಡುಗುತ್ತಿತ್ತು, ದೀಪ ಹಸಿರಾಗಿಯೇ ಇರುತ್ತಿತ್ತು. ಮೊದಲ ದಿನ ಅವನಿಗೆ ಇದರ ಭೌತಶಾಸ್ತ್ರವೇ ಖುಷಿ ಕೊಟ್ಟಿತ್ತು. ಹೆಂಡತಿಯ ಗಡಿಯಾರದ ಮುಖ ಅಳತೆ ಮಾಡಿಸಿದಂತೆ ಹೊಂದಿತು. ಸ್ನಾನಕ್ಕೆ, ಹಾಲು ಉಕ್ಕದಂತೆ ನೋಡುವುದಕ್ಕೆ, ಸುಮ್ಮನೆ ಬಾಗಿಲಲ್ಲಿ ನಿಲ್ಲುವುದಕ್ಕೆ ಹತ್ತು ಹನ್ನೆರಡು ನಿಮಿಷ ಸಿಗುತ್ತಿತ್ತು. ಅವಳು ಗಡಿಯಾರ ಹುಡುಕಿದಳು. ಟ್ರಂಕನ್ನು ನೆಲಕ್ಕೆ ಸುರುವಿ ಹುಡುಕಿದಳು. "ಎಲ್ಲೋ ಇರುತ್ತೆ ಬಿಡು" ಎಂದಿದ್ದ. ಆಮೇಲೆ ಅವಳು ಮುಂದಿನ ಕೋಣೆಯಿಂದ ಅವನನ್ನೇ ಗಂಟೆ ಕೇಳತೊಡಗಿದಳು. ತನ್ನ ಅಂಗೈಯಡಿ ಅವಳ ಗಡಿಯಾರ ಓಡುತ್ತಿರುವಾಗಲೇ ಪರದೆಯ ಮೂಲೆ ನೋಡಿ ಗಂಟೆ ಹೇಳುವುದು ಎರಡು ಮೂರು ವಾರ ಚುಚ್ಚಿತು, ಆಮೇಲೆ ರೂಢಿಯಾಯಿತು. ಮನುಷ್ಯನಿಗೆ ಇಷ್ಟು ಸಣ್ಣ ನೀಚತನ ಇಷ್ಟು ಬೇಗ ರೂಢಿಯಾಗುತ್ತದೆ ಎನ್ನುವುದನ್ನು ಅವನು ಒಂದು ಪ್ರಯೋಗದ ಫಲಿತಾಂಶದಂತೆ ಗಮನಿಸಿದ್ದ.

ಹನ್ನೊಂದಕ್ಕೆ ಎದ್ದು ಹೊರಗೆ ಹೋದ. ಮನೆಯಲ್ಲೇ ಇದ್ದರೆ ಟ್ರಂಕಿನ ಪಕ್ಕ ಸುಳಿಯುತ್ತಿದ್ದ. ಅದಾಗಲೇ ಮೂರು ಸಲ ಸುಳಿದಿದ್ದ. ಬೀದಿಯ ಬೆಳಕು ಅವನ ಕಣ್ಣಿಗೆ ಒರಟಾಗಿ ತಾಗಿತು. ಯಾವುದೂ ಚೌಕದೊಳಗೆ ನಿಲ್ಲುತ್ತಿರಲಿಲ್ಲ. ಒಬ್ಬಳು ಮಗುವಿನ ಕೈ ಹಿಡಿದು ಎಳೆಯುತ್ತಿದ್ದಳು, ಬಣ್ಣದ ಡಬ್ಬಗಳನ್ನು ಯಾರೋ ಗಾಡಿಯಿಂದ ಇಳಿಸುತ್ತಿದ್ದರು, ಇಸ್ತ್ರಿಯವನ ಮೇಜಿನಿಂದ ಬಿಸಿ ಹತ್ತಿಯ ವಾಸನೆ. ಇವು ಯಾವುದಕ್ಕೂ ಹೌದು ಅಥವಾ ಅಲ್ಲ ಎಂದು ಒತ್ತಬೇಕಾಗಿರಲಿಲ್ಲ. ಆದರೂ ತೋರುಬೆರಳು ಜೇಬಿನೊಳಗೆ ಒತ್ತುತ್ತಲೇ ಇತ್ತು. ಕ್ಷೌರದ ಅಂಗಡಿ ಖಾಲಿಯಿತ್ತು, ಹೋಗಿ ಕೂತ. ಕ್ಷೌರಿಕ ಬಿಳಿಯ ಬಟ್ಟೆ ಝಾಡಿಸಿ ಕೊರಳಿಗೆ ಕಟ್ಟಿ, "ಏನ್ ಸಾರ್, ವಾರದ ಮಧ್ಯದಲ್ಲಿ? ರಜಾನಾ?" ಎಂದ. "ಹುಷಾರಿಲ್ಲ" ಎಂದಿತು ಅವನ ಬಾಯಿ.

ಬಾಯಿಯೇ ಹೇಳಿದ್ದು. ಅವನು ಹೇಳಿದ್ದಲ್ಲ. ನಿನ್ನೆ ಸಂಜೆ ಗೈರುಹಾಜರಿಯ ಪುಟದಲ್ಲಿ ಅರ್ಧ ಗಂಟೆ ನೋಡುತ್ತ ಕೂತಿದ್ದ ಪಟ್ಟಿ ನಾಲಿಗೆಯ ಮೇಲೆ ಅಚ್ಚೊತ್ತಿಬಿಟ್ಟಿತ್ತು: ಅನಾರೋಗ್ಯ, ಕುಟುಂಬದಲ್ಲಿ ಸಾವು, ವಿದ್ಯುತ್ ನಿಲುಗಡೆ, ಇಂಟರ್‌ನೆಟ್ ದೋಷ, ಪೂರ್ವಾನುಮತಿ ಪಡೆದ ರಜೆ. ಮೊದಲು ಆರನೆಯದೊಂದಿತ್ತು, ‘ಇತರೆ’ ಎಂದು. ಜನ ಅದರಲ್ಲಿ ಏನೇನೋ ಬರೆಯುತ್ತಾರೆಂದು ಎರಡು ವರ್ಷದ ಹಿಂದೆ ತೆಗೆದುಹಾಕಿದರು. ಒಬ್ಬ ‘ಬೇಸರ’ ಎಂದು ಬರೆದಿದ್ದನಂತೆ. ಇನ್ನೊಬ್ಬಳು ‘ಅಕ್ಕ ಬಂದಿದ್ದಳು, ಮಾತು ಮುಗಿಯಲಿಲ್ಲ’ ಎಂದು. ಐದರಲ್ಲಿ ಯಾವುದನ್ನೂ ಒತ್ತದೆ ಪುಟ ಮುಚ್ಚಿ, ಮೇಲ್ವಿಚಾರಕಿಗೆ ಮೂರು ಸಾಲು ಬರೆದಿದ್ದ. ನಾಳೆ ಬುಧವಾರ ನಾನು ಕೆಲಸಕ್ಕೆ ಕೂರುವುದಿಲ್ಲ. ನನ್ನ ಪಾಲಿನ ಗೆರೆಗಳು ಬೇರೆಯವರಿಗೆ ಹೋಗುವಂತೆ ದಯವಿಟ್ಟು ನೋಡಿಕೊಳ್ಳಿ. ಕಾರಣವಿಲ್ಲ. ಮೂರನೆಯ ಸಾಲನ್ನು ಬರೆದು, ಅಳಿಸಿ, ಮತ್ತೆ ಬರೆದಾಗ ಕಿವಿ ಬಿಸಿಯಾಗಿತ್ತು. ಅಷ್ಟೆಲ್ಲ ಆದಮೇಲೆ ಕ್ಷೌರಿಕನ ಮುಂದೆ, ಕೇಳಿದ ಮಾತ್ರಕ್ಕೆ, ಹುಷಾರಿಲ್ಲ.

ಕತ್ತರಿ ಅವನ ಕಿವಿಯಿಂದ ಒಂದಂಗುಲ ಹಿಂದೆ ಸರಿಯಿತು. "ಜ್ವರಾನಾ ಸಾರ್? ಕೆಮ್ಮು ಇದೆಯಾ? ಹೊಸದಾಗಿ ಏನೋ ಓಡಾಡ್ತಿದೆಯಂತೆ." "ಹಾಗೇನಿಲ್ಲ." ಆಮೇಲೆ ಕ್ಷೌರಿಕ ಅವನ ತಲೆಯನ್ನು ಗಾಜಿನ ಪಾತ್ರೆಯಂತೆ ಮೆಲ್ಲಗೆ ತಿರುಗಿಸಿದ, ನೀರು ಚಿಮುಕಿಸುವ ಮೊದಲು "ತಣ್ಣಗಿದೆ, ಆಗುತ್ತಾ?" ಎಂದು ಕೇಳಿದ, ಮುಗಿದ ಮೇಲೆ ಬಿಸಿನೀರು ಕುಡಿಯಲು ಹೇಳಿದ. ಕನ್ನಡಿಯಲ್ಲಿ ಬಿಳಿಯ ಬಟ್ಟೆಯ ಅಂಚಿನ ಮೇಲೆ, ಕೊರಳ ಪಕ್ಕದಲ್ಲಿ, ಅವನದೇ ರಕ್ತನಾಳ ಚರ್ಮವನ್ನು ಎತ್ತಿ ಇಳಿಸುತ್ತಿತ್ತು. ಅದು ಎಲ್ಲರಿಗೂ ಕಾಣುವಂತಿತ್ತು. ಯಾರ ಗೆರೆಯಲ್ಲೂ ಅವನು ಈ ಕೊರಳನ್ನು ಊಹಿಸಿಕೊಂಡಿರಲಿಲ್ಲ, ಈ ಕಿವಿಯ ಹಿಂದಿನ ಕತ್ತರಿಸಿದ ಕೂದಲನ್ನು, ಈ ಸುಳ್ಳು ಹೇಳುವ ಬಾಯಿಯನ್ನು. ಹೊರಬಂದು ಮೂವತ್ತು ಹೆಜ್ಜೆ ನಡೆದ, ನಿಂತ, ತಿರುಗಿ ಹೋದ. ಕುರ್ಚಿಯಲ್ಲಾಗಲೇ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಇನ್ನೊಬ್ಬ ಗಿರಾಕಿಯಿದ್ದ. "ಆಗ ಸುಳ್ಳು ಹೇಳಿದೆ" ಎಂದ. "ನಂಗೇನೂ ಆಗಿಲ್ಲ. ಹುಷಾರಾಗಿದೀನಿ."

"ಒಳ್ಳೇದಾಯ್ತು ಬಿಡಿ ಸಾರ್" ಎಂದ ಕ್ಷೌರಿಕ, ಕತ್ತಿ ಎತ್ತಿ ಹಿಡಿದು. ನೊರೆಯ ಮುಖವೂ ಇತ್ತ ತಿರುಗಿತು. "ಮತ್ತೆ ಯಾಕೆ ಕೆಲಸಕ್ಕೆ ಹೋಗಿಲ್ಲ?"

"ಸುಮ್ಮನೆ."

"ಸುಮ್ಮನೆ ಅಂದ್ರೆ?"

"ಸುಮ್ಮನೆ ಅಂದ್ರೆ ಸುಮ್ಮನೆ."

ಕ್ಷೌರಿಕ ಒಂದು ಕ್ಷಣ ಅದನ್ನು ತೂಗಿ ನೋಡಿದ. "ನಾನೂ ಒಂದು ಸಲ ಹಂಗೇ ಅಂಗಡಿ ಮುಚ್ಚಿದ್ದೆ ಸಾರ್. ಮಾರನೇ ದಿನ ತೆಗೆದರೆ ನಾಲ್ಕು ಜನ ನಿಂತಿದಾರೆ, ನಾನು ಸತ್ತೇ ಹೋದೆ ಅಂದ್ಕೊಂಡು. ಬದುಕಿದೀನಿ ಅಂತ ನೋಡಿ ಒಬ್ಬನಿಗೆ ಬೇಜಾರೇ ಆಯ್ತು. ಅವನ ತಮ್ಮಂಗೆ ಅಂಗಡಿ ಬೇಕಿತ್ತು." ನೊರೆಯೊಳಗಿನಿಂದ ನಗು ಬಂತು. ಅವನು ವಾಪಸು ನಡೆಯುವಾಗ ಬೆನ್ನು ಸ್ವಲ್ಪ ನೇರವಾಗಿತ್ತು. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಹೆಮ್ಮೆಯೇ ಎಂದು ನಾಚಿಕೆಯೂ ಆಯಿತು. ನಾಚಿಕೆಯಾದರೂ ಬೆನ್ನು ಮಾತ್ರ ಬಾಗಲಿಲ್ಲ.

ಇದಕ್ಕೆಲ್ಲ ಮೂಲವಾದ ಆ ದಿನವೂ ಬುಧವಾರವೇ ಎಂಬುದನ್ನು ಅವನು ಆಮೇಲೆ ದಾಖಲೆ ನೋಡಿ ತಿಳಿದುಕೊಂಡಿದ್ದ. ಹೋದ ತಿಂಗಳು, ಮೂರು ಗಂಟೆ ಹತ್ತು ನಿಮಿಷದಿಂದ ಮೂರು ಇಪ್ಪತ್ತೊಂದರ ತನಕ. ಮೌಸು ಗಡಿಯಾರದ ಮೇಲಿತ್ತು, ದೀಪ ಹಸಿರಾಗಿತ್ತು, ಅವನು ಮೇಜಿನಲ್ಲಿರಲಿಲ್ಲ. ವಾಪಸು ಬಂದಾಗ ಕೆಂಪು ಅಂಚಿನ ಒಂದು ಗೆರೆ ಅವನಿಗಾಗಿ ಕಾಯುತ್ತಿತ್ತು. ಎಪ್ಪತ್ತೊಂದು ವಯಸ್ಸು, ಹೆಣ್ಣು. ಒಂದು ಬಡಿತ, ಆಮೇಲೆ ಸಪಾಟು, ಮೂವತ್ತೊಂದು ದೊಡ್ಡ ಚೌಕಗಳಷ್ಟು ಸಪಾಟು, ಆಮೇಲೆ ಇನ್ನೊಂದು ಬಡಿತ. ಒಂದು ಚೌಕಕ್ಕೆ ಸೆಕೆಂಡಿನ ಐದನೆಯ ಒಂದು ಭಾಗ. ಆರು ಸೆಕೆಂಡಿಗೂ ಮೇಲೆ ಒಂದು ಹೃದಯ ಏನನ್ನೂ ಮಾಡದೆ ಇತ್ತು. ಅವನು ಕೂಡಲೇ ಹೌದೆಂದು ಒತ್ತಿದ. ಒತ್ತಿದ ಮೇಲೆ ಗೆರೆ ಬಂದ ಹೊತ್ತು ನೋಡಿದ. ಮೂರು ಹತ್ತು. ಎದ್ದುಹೋಗುವ ಮೊದಲು ಅವನೇ ಒತ್ತಿ ದೀಪವನ್ನು ಬೂದು ಮಾಡಿದ್ದಿದ್ದರೆ ಗೆರೆ ಅವನ ಬಳಿಗೆ ಬರುತ್ತಲೇ ಇರಲಿಲ್ಲ. ಮೂವತ್ತು ಸೆಕೆಂಡಿನೊಳಗೆ ಇನ್ನೊಬ್ಬರ ಮೇಜಿಗೆ ಹೋಗುತ್ತಿತ್ತು. ಹಸಿರು ದೀಪವನ್ನು ನಂಬಿ ಅದು ಹನ್ನೊಂದು ನಿಮಿಷ ಅವನ ಬಾಗಿಲಲ್ಲಿ ನಿಂತಿತ್ತು. ಅವನಿಲ್ಲದ್ದು ತೊಂದರೆಯಾಗಿರಲಿಲ್ಲ. ಇದ್ದಾನೆ ಎಂದು ಹೇಳಿದ್ದೇ ತೊಂದರೆಯಾಗಿತ್ತು. ಮುಂದೇನಾಯಿತು, ಆಕೆ ಫೋನು ಎತ್ತಿದಳೇ, ಬಿದ್ದಿದ್ದಳೇ, ಏನೂ ಆಗದೆ ಅಡುಗೆಮನೆಯಲ್ಲಿ ನಿಂತಿದ್ದಳೇ, ತಿಳಿಯುವ ದಾರಿಯಿಲ್ಲ. ಒತ್ತಿದ ಗೆರೆ ಪರದೆಯಿಂದ ಹೋಗಿಬಿಡುತ್ತದೆ. ಅಳೆಯುವ ವ್ಯವಸ್ಥೆ ಓದುಗ ಗೆರೆಯನ್ನು ತೆರೆದ ಕ್ಷಣದಿಂದ ಮಾತ್ರ ಹೊತ್ತನ್ನು ಅಳೆಯುತ್ತಿತ್ತು. ಹಸಿರು ದೀಪದ ಮುಂದೆ ಗೆರೆ ಕಾಯುತ್ತದೆಂದು ಅದನ್ನು ಕಟ್ಟಿದವರು ಊಹಿಸಿರಲಿಲ್ಲ. ಹಾಗಾಗಿ ಆ ಗೆರೆಯ ಮುಂದೆ ಬರೆದಿದ್ದು: ಒಂಬತ್ತು ಸೆಕೆಂಡು, ಅತ್ಯುತ್ತಮ. ತಿಂಗಳ ಕೊನೆಯಲ್ಲಿ ಪ್ರಶಸ್ತಿಪತ್ರ ಬಂತು, ಅಂಚಿನಲ್ಲಿ ಅದೇ ಎಲೆಗಳು. ಹಾಜರಿ ಶೇಕಡಾ ನೂರು. ಹೆಂಡತಿ ಅದನ್ನು ಪಕ್ಕದ ಅಂಗಡಿಯಲ್ಲಿ ಬಣ್ಣದಲ್ಲಿ ಅಚ್ಚು ಹಾಕಿಸಿ, ಹೊಲಿಗೆ ಯಂತ್ರದ ಎದುರಿಗೆ ಗೋಡೆಗೆ ಪಿನ್ನು ಹಾಕಿ ಸಿಕ್ಕಿಸಿದಳು.

ಮೊನ್ನೆ ಸೋಮವಾರ ಅವನು ಮೇಲ್ವಿಚಾರಕಿಗೆ ಫೋನು ಮಾಡಿ ಎಲ್ಲ ಹೇಳಿದ್ದ. ಮೌಸು, ಗಡಿಯಾರ, ಹನ್ನೊಂದು ನಿಮಿಷ. ಆಕೆ "ಇದನ್ನ ಬರೆದು ಕಳಿಸ್ಬೇಡಿ ಸರ್" ಎಂದಿದ್ದಳು. "ಬರೆದ್ರೆ ದಾಖಲೆ ಆಗುತ್ತೆ. ದಾಖಲೆ ಆದ್ರೆ ನಾನು ಓದಬೇಕಾಗುತ್ತೆ." "ಓದಿ ಅಂತಾನೇ..." "ಸರ್, ನಿಮ್ಮ ಹಾಜರಿ ನೂರು ಅಂತ ವರದಿ ಹೋಗಿದೆ. ನಿಮ್ಮಿಂದ ಇಡೀ ತಂಡ ಮೇಲೆ ಹೋಗಿದೆ. ಆದದ್ದು ಆಯ್ತು." ಅವನು ಬರೆದು ಕಳಿಸಿದ. ಎರಡು ತಾಸಿನಲ್ಲಿ ಉತ್ತರ ಬಂತು: ‘ನಿಮ್ಮ ಸಲಹೆಗೆ ಧನ್ಯವಾದಗಳು.’

ಮನೆಗೆ ಬಂದಾಗ ಹೆಂಡತಿ ತನ್ನ ಫೋನನ್ನು ಹಾವು ಹಿಡಿದಂತೆ ದೂರ ಹಿಡಿದುಕೊಂಡು ನಿಂತಿದ್ದಳು. ತುರ್ತಿಗೆ ಬೇಕೆಂದು ಸಂಸ್ಥೆಗೆ ಕೊಟ್ಟಿದ್ದ ನಂಬರು ಅವಳದ್ದು. "ನಿಮ್ಮ ದೀಪದಮ್ಮ ಎರಡು ಸಲ ಮಾಡಿದ್ಲು. ನಾನು ತಮ್ಮಂಗೆ ಹೇಳ್ದೆ. ಇಗೋ, ಅವನೇ ಇದಾನೆ." ಅವಳ ತಮ್ಮ ವೈದ್ಯ, ಬೆಳಿಗ್ಗೆಯಿಂದ ಸಂಜೆಯ ತನಕ ಯಾರಿಗಾದರೂ ಏನನ್ನಾದರೂ ಬರೆದುಕೊಡುತ್ತಿರುವವನು. ಹೊರಗಿನಿಂದ ಬಂದವನು ಫೋನನ್ನು ಮುಟ್ಟದೆ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ. ಅವಳು ಗುಂಡಿ ಒತ್ತಿ ದನಿಯನ್ನು ಜೋರು ಮಾಡಿದಳು. "ಭಾವ, ಸರ್ಟಿಫಿಕೇಟಲ್ಲಿ ಬೆನ್ನು ಅಂತ ಬರೀಲಾ, ಕಣ್ಣು ಅಂತ ಬರೀಲಾ? ನನ್ ಕೇಳಿದ್ರೆ ಕಣ್ಣು. ಕಂಪ್ಯೂಟರ್ ಮುಂದೆ ಕೂರೋರಿಗೆ ಕಣ್ಣು ಚೆನ್ನಾಗಿ ಕೂರುತ್ತೆ." "ನನ್ನ ಕಣ್ಣಿಗೇನೂ ಆಗಿಲ್ಲ." "ನೋಡ್ದೆ ಹೇಗೆ ಹೇಳ್ತೀರ? ನಲವತ್ತೆಂಟು ವಯಸ್ಸಿಗೆ ಎಲ್ಲರಿಗೂ ಏನಾದ್ರೂ ಇರುತ್ತೆ. ಹುಡುಕಿದ್ರೆ ಸಿಗುತ್ತೆ, ಸುಳ್ಳೇನಲ್ಲ." "ಬೇಡಪ್ಪ." "ಅಕ್ಕಾ, ಇವರಿಗೆ ಇದೇ ಕಾಯಿಲೆ ಅಂತ ಬರೀಲಾ?" ಎಂದು ನಕ್ಕು ಇಟ್ಟುಬಿಟ್ಟ. ಕೆಲಸ ಹೋದರೆ ಏನು ಮಾಡುವುದು ಎಂದು ಹೆಂಡತಿ ಕೇಳಲಿಲ್ಲ. ಕೇಳದೆ ಯಂತ್ರಕ್ಕೆ ದಾರ ಪೋಣಿಸಲು ಹೋಗಿ ಮೂರು ಸಲ ತಪ್ಪಿದಳು. ಅದನ್ನು ನೋಡುವುದು ಕೇಳಿಸಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು. ಆ ಕ್ಷಣ ಟ್ರಂಕು ತೆಗೆದು, ಒತ್ತಿ, ಒಂದು ಅನಾರೋಗ್ಯವನ್ನು ಆರಿಸಿಕೊಂಡರೆ ಎಲ್ಲ ಮುಗಿಯುತ್ತಿತ್ತು. ಎರಡೇ ಒತ್ತು. ಬೆರಳಿಗೆ ಅದು ಗೊತ್ತಿತ್ತು. ತೋರುಬೆರಳು ಮತ್ತೆ ಎದ್ದು ನಿಂತಿತ್ತು. ಅವನು ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನೆಲದ ಮೇಲೆ ಟ್ರಂಕಿಗೆ ಬೆನ್ನು ಕೊಟ್ಟು ಕೂತ.

ನಾಲ್ಕೂವರೆಗೆ ಮೂರನೆಯ ಕರೆ ಬಂತು. ಹೆಂಡತಿ ದನಿ ಜೋರು ಮಾಡಿ ಫೋನನ್ನು ಅವನ ಕಡೆ ಹಿಡಿದಳು. "ಸರ್, ಇದೀರಾ?" ಎಂದಿತು ಮೇಲ್ವಿಚಾರಕಿಯ ದನಿ. ಆಕೆಗೆ ಮೂವತ್ತೂ ಆಗಿರಲಿಕ್ಕಿಲ್ಲ. ಅವನು ಆಕೆಯನ್ನು ನೋಡಿದ್ದು ಅಂಚೆಚೀಟಿಯಷ್ಟು ಚೌಕದಲ್ಲಿ ಮಾತ್ರ. "ಇದೀನಿ ಮೇಡಂ." "ಐದಕ್ಕೆ ಪಟ್ಟಿ ಮುಚ್ಚುತ್ತೆ. ಅಷ್ಟರೊಳಗೆ ಒಂದು ಕಾರಣ ಆರಿಸಿದ್ರೆ ಇವತ್ತಿನದು ಲೆಕ್ಕಕ್ಕೆ ಬರಲ್ಲ. ನಿಮ್ಮ ನೂರು ಹಾಗೇ ಇರುತ್ತೆ. ಇಲ್ಲಾಂದ್ರೆ ‘ಕಾರಣವಿಲ್ಲದ ಗೈರು’ ಅಂತ ಹೋಗುತ್ತೆ. ಅದು ಮೇಲೆ ಹೋದ್ರೆ ನನ್ನ ಕೈಯಲ್ಲಿಲ್ಲ. ನಿಮ್ಮ ಕರಾರೇ ಮುಗಿಸ್ಬಹುದು."

"ಆ ನೂರನ್ನ ಒಡೀಬೇಕು ಅಂತಾನೇ ಇವತ್ತು ಕೂತಿರೋದು ಮೇಡಂ. ನಾನು ಬರೆದದ್ದನ್ನ ನೀವು ಸಲಹೆ ಅಂದ್ರಿ. ನನ್ನ ಹತ್ರ ಇನ್ನು ಒಡೆಯೋಕೆ ಬೇರೇನೂ ಇಲ್ಲ."

"ಕರೆಂಟ್ ಹೋಗಿತ್ತು ಅಂತ ನಾನೇ ಹಾಕ್ಲಾ? ಯಾರೂ ನೋಡಲ್ಲ."

"ಹೋಗಿಲ್ಲ. ಫ್ಯಾನ್ ತಿರುಗ್ತಾ ಇದೆ."

ಆ ಕಡೆಯಿಂದ ಈಗ ಬೇರೆಯೇ ದನಿ, ತಗ್ಗಿದ್ದು, ಕಚೇರಿಯದ್ದಲ್ಲದ್ದು: "ನನ್ನ ದೀಪಾನೂ ಯಾರೋ ನೋಡ್ತಿರ್ತಾರೆ ಸರ್. ಒಂದು ಹಸಿರು ಕಮ್ಮಿಯಾದ್ರೆ ನನ್ನನ್ನೂ ಕೇಳ್ತಾರೆ." "ಕೇಳಿದ್ರೆ ಹೇಳಿ, ಅವನಿಗೆ ಕಾರಣ ಇರ್ಲಿಲ್ಲ ಅಂತ. ನಿಮ್ಮ ತಪ್ಪೇನಿದೆ ಅದರಲ್ಲಿ?" "ಆ ಹನ್ನೊಂದು ನಿಮಿಷದ್ದನ್ನ ಮನಸ್ಸಿಗೆ ಹಚ್ಕೊಂಡು ಹೀಗೆ ಮಾಡ್ತಿದೀರ. ನಾನು ಐದಕ್ಕೆ ಇನ್ನೊಂದ್ಸಲ ಮಾಡ್ತೀನಿ" ಎಂದು ಆಕೆ ಇಟ್ಟಳು.

ಹೆಂಡತಿ ಫೋನನ್ನು ಯಂತ್ರದ ಹಲಗೆಯ ಮೇಲಿಟ್ಟಳು. "ಯಾವ ಹನ್ನೊಂದು ನಿಮಿಷ?"

ಹೇಳಬಾರದೆಂದು ಎಷ್ಟೋ ದಿನದಿಂದ ಹೊತ್ತಿದ್ದ. ಜೇಬಿಗೆ ಕೈ ಹಾಕಿ, ಮುಷ್ಟಿಯಲ್ಲಿ ಹೊರತಂದ ಗಡಿಯಾರವನ್ನು ಫೋನಿನ ಪಕ್ಕದಲ್ಲಿಟ್ಟ. ಗಾಜಿನ ಮೇಲೆ, ಮೌಸಿನ ಪಾದಗಳು ತೀಡಿ ತೀಡಿ, ಮಂಜಿನಂಥ ಒಂದು ಬಳೆ ಮೂಡಿತ್ತು. ಅವಳು ಅದನ್ನು ಎತ್ತಿ ಬೆಳಕಿಗೆ ಹಿಡಿದಳು. "ಗೊತ್ತಿತ್ತು" ಎಂದಳು. "ಬೆಳಿಗ್ಗೆ ‘ಒಂಬತ್ತೂ ನಾಲ್ಕು’ ಅಂದ್ರಲ್ಲ, ಆಗ ಗೊತ್ತಾಯ್ತು. ಕಂಪ್ಯೂಟರ್ ಟ್ರಂಕಲ್ಲಿ, ಫೋನ್ ಟ್ರಂಕಲ್ಲಿ, ಗೋಡೇಲಿ ಗಡಿಯಾರ ಇಲ್ಲ. ಆಕಾಶ ನೋಡಿ ನಾಲ್ಕು ನಿಮಿಷ ಹೇಳೋ ಜನ ಅಲ್ಲ ನೀವು. ಯಾಕೆ ಕದ್ರಿ ಅಂತ ಮಾತ್ರ ಗೊತ್ತಾಗ್ಲಿಲ್ಲ." ಅವನು ಹೇಳಿದ. ಮೌಸಿನ ಕಣ್ಣು, ಹಸಿರು ದೀಪ, ಎಪ್ಪತ್ತೊಂದು ವಯಸ್ಸಿನ ಹೆಂಗಸು, ಮೂವತ್ತೊಂದು ಚೌಕ. ಗೋಡೆಯ ಮೇಲಿನ ಪ್ರಶಸ್ತಿಪತ್ರದ ಕಡೆ ಅವಳ ಕಣ್ಣು ಹೋಗಿ ಬಂತು. "ಮೂರೂ ಹತ್ತಕ್ಕೆ ನೀವು ಎಲ್ಲಿಗೆ ಹೋಗಿದ್ರಿ?" ಎಂದಳು.

"ಔಷಧಿ ಅಂಗಡಿಯವನ ಕೋಟು."

ಅವಳು ಗಡಿಯಾರವನ್ನು ಹಲಗೆಯ ಮೇಲಿಟ್ಟಳು. ಔಷಧಿ ಅಂಗಡಿಯವನ ಭುಜವೂ ಅವನ ಭುಜವೂ ಒಂದೇ ಅಳತೆ. ಆ ದಿನ ಅವಳು ಅವನನ್ನು ಕರೆದು, ಅರೆಬರೆ ಹೊಲಿದ ಆ ಕಪ್ಪು ಕೋಟನ್ನು ತೊಡಿಸಿ, ತೋಳು ಚಾಚಿ ನಿಲ್ಲಿಸಿ, ಸುತ್ತಲೂ ಪಿನ್ನು ಚುಚ್ಚಿದ್ದಳು. ಅಲ್ಲಾಡಬೇಡಿ, ಚುಚ್ಚಿಕೊಳ್ಳುತ್ತೆ. "ಇನ್ನೊಂದೇ ಪಿನ್ನು ಅಂತ ನಾನೇ ಮೂರು ಸಲ ಅಂದೆ" ಎಂದಳು ಮೆಲ್ಲಗೆ. "ನಾಲ್ಕು ಸಲ." "ಎಣಿಸಿದ್ರಾ?" "ಎಣಿಸೋದೇ ಅಲ್ವಾ ನನ್ನ ಕೆಲಸ." "ಹೋಗ್ಬೇಕು ಅಂದಿದ್ರೆ ಬಿಡ್ತಿದ್ದೆ." "ಹೋಗ್ಬೇಕು ಅನ್ನಿಸ್ಲಿಲ್ಲ. ಅದೇ ಹೇಳ್ತಿರೋದು." ಹೇಳುತ್ತ ಹೇಳುತ್ತ ಅವನಿಗೇ ಅದು ಸ್ಪಷ್ಟವಾಯಿತು. ತೋಳು ಚಾಚಿ ನಿಂತಿದ್ದಾಗ ಅವಳ ಉಸಿರು ಅವನ ಬೆನ್ನಿಗೆ ತಾಗುತ್ತಿತ್ತು, ಹೊಸ ಉಣ್ಣೆಯ ವಾಸನೆ ಬರುತ್ತಿತ್ತು, ಬೇರೆಯವನ ಕೋಟಿನೊಳಗೆ ಅವನು ಯಾರೂ ಆಗಿರಲಿಲ್ಲ, ಯಾವುದಕ್ಕೂ ಹೌದು ಅಲ್ಲ ಎನ್ನಬೇಕಾಗಿರಲಿಲ್ಲ. ಖುಷಿಯಾಗಿತ್ತು. ಆ ಹೆಂಗಸಿನ ಹೃದಯ ನಿಂತ ಹೊತ್ತಿನಲ್ಲಿ ಅವನಿಗೆ ಖುಷಿಯಾಗಿತ್ತು ಎನ್ನುವುದೇ ಇಷ್ಟು ದಿನ ಒಳಗೆ ಕೊರೆಯುತ್ತಿದ್ದುದು. ಆ ಖುಷಿಯನ್ನೇ ತಪ್ಪೆಂದು ಒಪ್ಪಿಕೊಂಡು, ಇನ್ನು ಮುಂದೆ ಅಲ್ಲಾಡದೆ ಕೂತಿರುತ್ತೇನೆ ಎಂದುಬಿಡುವುದು ಸುಲಭವಿತ್ತು. ಸಂಸ್ಥೆಗೂ ಅದೇ ಬೇಕಿತ್ತು. "ನೀನು ಪಿನ್ನು ಚುಚ್ಚಿದ್ದು ತಪ್ಪಲ್ಲ, ನಾನು ನಿಂತದ್ದೂ ತಪ್ಪಲ್ಲ" ಎಂದ. "ದೀಪ ಬೂದಾಗಿದ್ದಿದ್ರೆ ಯಾವುದೂ ತಪ್ಪಾಗ್ತಿರ್ಲಿಲ್ಲ. ನಾನು ಇಲ್ಲ ಅಂತ ಹೇಳೋ ಧೈರ್ಯ ಇರ್ಲಿಲ್ಲ ನಂಗೆ. ಅಷ್ಟೇ ತಪ್ಪು. ಇವತ್ತು ಇಲ್ಲ ಅಂತ ಹೇಳ್ತಿದೀನಿ."

ಅವಳು ಎದ್ದು ಗೋಡೆಯ ಪ್ರಶಸ್ತಿಪತ್ರದಿಂದ ಪಿನ್ನು ಕಿತ್ತಳು. ಪಿನ್ನನ್ನು ಡಬ್ಬಿಗೆ ಹಾಕಿ, ಕಾಗದವನ್ನು ಮಗುಚಿ ಹಲಗೆಯ ಮೇಲೆ ಹರಡಿ, ಅದರ ಖಾಲಿ ಬೆನ್ನಿನ ಮೇಲೆ ಸೀಮೆಸುಣ್ಣದಿಂದ ತೋಳಿನ ಆಕಾರವೊಂದನ್ನು ಅರ್ಧ ಬರೆದಳು. "ಗಟ್ಟಿ ಕಾಗದ. ಅಳತೆ ಕತ್ತರಿಸೋಕೆ ಬರುತ್ತೆ" ಎಂದಳು. ಆಮೇಲೆ ಗಡಿಯಾರವನ್ನು ತನ್ನ ಎಡಗೈಗೆ ಕಟ್ಟಿಕೊಳ್ಳಲು ಹೋದಳು. ಕೊಂಡಿ ಸಿಗದೆ ತಡವರಿಸಿದಾಗ ಅವನು ಕೈ ಹಿಡಿದು ಸಿಕ್ಕಿಸಿದ. ಹಿಡಿದ ಕೈಯನ್ನು ಬಿಡಲಿಲ್ಲ. ಪಟ್ಟಿಯ ಕೆಳಗೆ, ಹೆಬ್ಬೆರಳ ಬುಡದ ಎಲುಬಿನ ಪಕ್ಕಕ್ಕೆ, ಎರಡು ಬೆರಳು ತಾವಾಗಿಯೇ ಹೋಗಿ ಕೂತವು. ಕಾಲೇಜಿನಲ್ಲಿ ಕಲಿತದ್ದು, ಹೆಬ್ಬೆರಳು ಬಳಸಬಾರದು, ಅದಕ್ಕೆ ತನ್ನದೇ ನಾಡಿಯಿದೆ. ಮೊದಲು ಏನೂ ಸಿಗಲಿಲ್ಲ. ಬೆರಳಿನ ತುದಿಗಳು ಒತ್ತುವುದನ್ನು ಮಾತ್ರ ಬಲ್ಲವಾಗಿದ್ದವು, ಕಾಯುವುದನ್ನು ಮರೆತಿದ್ದವು. ಒತ್ತಡ ಸಡಿಲಿಸಿದ. ಆಗ ಅದು ಒಳಗಿನಿಂದ ಬಂದು ತಟ್ಟಿತು, ದುಂಡಗೆ, ಬೆಚ್ಚಗೆ, ಗೆರೆಯಂತೆ ಚೂಪಾಗಿ ಅಲ್ಲ. ಮುಳ್ಳು ಹನ್ನೆರಡನ್ನು ದಾಟುವುದನ್ನೇ ಕಾದು ಎಣಿಸಲು ಶುರುಮಾಡಿದ.

ಇಪ್ಪತ್ತಾರನೆಯ ಬಡಿತಕ್ಕೆ ಫೋನು ಹೊಡೆದುಕೊಂಡಿತು. ಐದಕ್ಕೆ ಒಂದು ನಿಮಿಷವಿತ್ತು. ಅವಳ ನಾಡಿ ಒಮ್ಮೆಲೇ ಬಿರುಸಾದದ್ದು ಅವನಿಗೆ ಬೆರಳಲ್ಲಿ ತಿಳಿಯಿತು. ಅವಳು ಎಡಗೈ ಎಳೆದುಕೊಳ್ಳಲು ನೋಡಿದಳು. "ಇರು, ನಿಮಿಷ ಆಗಿಲ್ಲ" ಎಂದ. ಅವಳು ಅವನ ಮುಖ ನೋಡಿದಳು. ಆಮೇಲೆ ಬಲಗೈಯಿಂದ ಫೋನೆತ್ತಿ ಕಿವಿಗಿಟ್ಟುಕೊಂಡಳು. "ಹೂಂ, ಮನೇಲೇ ಇದಾರೆ" ಎಂದಳು. "ಇಲ್ಲ, ಹುಷಾರಾಗೇ ಇದಾರೆ. ಕರೆಂಟೂ ಇದೆ. ನಮ್ಮನೇಲಿ ಯಾರೂ ಸತ್ತಿಲ್ಲ." ಸ್ವಲ್ಪ ಹೊತ್ತು ಆ ಕಡೆಯ ಮಾತು ಕೇಳಿದಳು. "ಕಾರಣ ಏನಿಲ್ಲಮ್ಮ. ಇವತ್ತು ಅವರು ಇಲ್ಲ, ಅಷ್ಟೆ. ಹಾಗೇ ಬರ್ಕೊಳ್ಳಿ." ಫೋನನ್ನು ಕೆಳಗಿಟ್ಟು, ದನಿ ತಗ್ಗಿಸಿ, "ಎಷ್ಟಾಯ್ತು?" ಎಂದಳು. ಅವನು ತಲೆಯಾಡಿಸಿದ, ಇನ್ನೊಮ್ಮೆ ಮಾತಾಡಿದರೆ ಲೆಕ್ಕ ತಪ್ಪುತ್ತಿತ್ತು. ಎಪ್ಪತ್ತೆರಡು, ಎಪ್ಪತ್ತಮೂರು. ಮಸುಕಾದ ಗಾಜಿನ ಕೆಳಗೆ ಮುಳ್ಳು ಹನ್ನೆರಡಕ್ಕೆ ಬರಲು ಇನ್ನೂ ನಾಲ್ಕು ಗೆರೆ ಬಾಕಿಯಿತ್ತು. ಅವನು ಎಣಿಸುತ್ತಲೇ ಇದ್ದ.